ಲೈನ್‌ಮನ್ ಎತ್ತಿದ ಬಾವುಟ

ಹುಕ್ಕೇರಿಯ ಮೈದಾನದಲ್ಲಿ ಮೂಡಲಗಿಯವರು ಹೊಡೆದ ಗೋಲು ಗೋಲಾಗದೆ ಹೋದದ್ದು ಯಾರ ತಪ್ಪಿನಿಂದ ಎಂಬ ಬಗ್ಗೆ ಮೂರು ಊರಿನ ಚಹಾದಂಗಡಿಗಳಲ್ಲಿ ಇವತ್ತಿಗೂ ಒಮ್ಮತವಿಲ್ಲ. ಗೋಕಾಕದವರು ಅದು ಶುದ್ಧ ಆಫ್‌ಸೈಡ್ ಎನ್ನುತ್ತಾರೆ. ಮೂಡಲಗಿಯವರು ಅದು ಶುದ್ಧ ಮೋಸ ಎನ್ನುತ್ತಾರೆ. ಹುಕ್ಕೇರಿಯ ತಂಡ ಮೊದಲ ಸುತ್ತಿನಲ್ಲೇ ಸೋತು ಮನೆ ಸೇರಿದ್ದರಿಂದ ಹುಕ್ಕೇರಿಯವರಿಗೆ ಎರಡೂ ಕಡೆಯಿಂದ ವಾದಿಸುವ ಪುರುಸೊತ್ತಿದೆ. ಆದರೆ ಆ ದಿನ ಮೈದಾನದಲ್ಲಿ ನಿಜಸಂಗತಿ ಗೊತ್ತಿದ್ದವನು ಒಬ್ಬನೇ, ಬಾಳೇಶ. ಅವನಿಗೆ ಫುಟ್‌ಬಾಲೇ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಬಾಳೇಶ ಕಣಗಲಾದವನು, ಹುಕ್ಕೇರಿಯಲ್ಲಿ ಲೈನ್‌ಮನ್. ಅಂದರೆ ಕಂಬ ಹತ್ತುವ, ಫ್ಯೂಸ್ ಹಾಕುವ, ಗಾಳಿ ಬೀಸಿದಾಗಲೆಲ್ಲ ಊರವರಿಂದ ಬೈಸಿಕೊಳ್ಳುವ ಲೈನ್‌ಮನ್. ಕೆಲಸ ಕಾಯಂ ಆಗಿತ್ತು, ಪಗಾರ ವೇಳೆಗೆ ಸರಿಯಾಗಿ ಬರುತ್ತಿತ್ತು, ಮುಖವೂ ತೆಗೆದುಹಾಕುವಂಥದ್ದಲ್ಲ, ಮೀಸೆಯಂತೂ ಸೊಗಸಾಗಿತ್ತು. ಆದರೂ ಮದುವೆ ಕೂಡಿಬಂದಿರಲಿಲ್ಲ. ಹೆಣ್ಣು ನೋಡಲು ಹೋಗಿ ಕೂತು, ಒಳಗಿನಿಂದ ಬಳೆಯ ಸದ್ದು ಕೇಳಿಸಿತು ಎನ್ನುವಷ್ಟರಲ್ಲಿ ಎಲ್ಲಿಯೋ ಕರೆಂಟು ಹೋಗಿ ಅವನ ಫೋನು ಹೊಡೆದುಕೊಳ್ಳುತ್ತಿತ್ತು. ಅವನು ಎದ್ದು ಓಡುತ್ತಿದ್ದ. ಹೀಗೆ ಅವನು ಮುಖ ನೋಡದೆ ಬಿಟ್ಟುಬಂದ ಕನ್ಯೆಯರಿಗೆಲ್ಲ ಈಗ ಮಕ್ಕಳಾಗಿವೆ.

ಕೊನೆಗೆ ಮೂಡಲಗಿಯ ಕೆಂಚಪ್ಪನವರ ಮಗಳು ಶೈಲಾಳ ಫೋಟೋ ಬಂತು. ಕೆಂಚಪ್ಪನವರದು ದನದ ಹಿಂಡಿ, ಹೊಟ್ಟಿನ ವ್ಯಾಪಾರ. ಊರಲ್ಲಿ ದೊಡ್ಡ ಮಾತು, ಮನೆಯಲ್ಲಿ ಇನ್ನೂ ದೊಡ್ಡ ಮಾತು. ಫೋಟೋ ನೋಡಿದ ದಿನದಿಂದ ಬಾಳೇಶನಿಗೆ ಊಟ ಸೇರಲಿಲ್ಲ. ಈ ಸಂಬಂಧ ತಪ್ಪಿದರೆ ತಾನು ಬದುಕಿದ್ದೂ ಕಂಬವೇ ಎಂದುಕೊಂಡ. ಬರುವ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರ್ರಿ ಎಂದು ಅತ್ತಲಿಂದ ಹೇಳಿಕಳಿಸಿದ್ದರು. ಅವನ ತಾಯಿ ಭರಮವ್ವ ಆಗಲೇ ಕಟ್ಟಪ್ಪಣೆ ಮಾಡಿದ್ದಳು: "ಆ ಫೋನ ಮನ್ಯಾಗ ಇಟ್ಟ ಬರಾಂವ ಇದ್ರ ಬಾ. ಇಲ್ಲಂದ್ರ ನಾ ಒಬ್ಬಾಕಿನ ಹೋಗಿ ನೋಡಿಕೊಂಡ ಬರತೇನಿ."

ಬಾಳೇಶನಿಗೆ ಒಂದು ದೌರ್ಬಲ್ಯವಿತ್ತು. ಅವನಿಗೆ ಯಾರೂ 'ರಿ' ಹಚ್ಚಿ ಮಾತಾಡುತ್ತಿರಲಿಲ್ಲ. ದೀಪ ಹೋದಾಗ ಊರೆಲ್ಲ "ಏ ಲೈನ್‌ಮನ್" ಎನ್ನುತ್ತಿತ್ತು, ದೀಪ ಬಂದಾಗ ಏನೂ ಅನ್ನುತ್ತಿರಲಿಲ್ಲ. ಹೀಗಾಗಿ ಯಾರಾದರೂ ಅಪ್ಪಿತಪ್ಪಿ "ಬರ್ರಿ, ಕುಂಡ್ರಿ" ಎಂದರೆ ಅವರು ಬಾವಿಗೆ ಹಾರಿ ಅಂದರೂ ಆಳ ಕೇಳಿ ಹಾರುವವನು. ಮುಂದಿನ ಎಲ್ಲ ಅನರ್ಥಕ್ಕೂ ಈ 'ರಿ' ಕಾರಣ.

ಈ ಭಾಗಕ್ಕೆ ಕೊಲ್ಹಾಪುರದಿಂದ ಸಂಕೇಶ್ವರದ ಮೂಲಕ ಎರಡು ಚಟಗಳು ಬಂದಿವೆ. ಒಂದು ಖಾರ ಖಾರ ತಿಂಡಿ ಮಿಸಳ್, ಇನ್ನೊಂದು ಫುಟ್‌ಬಾಲ್. ಎರಡರಿಂದಲೂ ಮರುದಿನ ಹೊಟ್ಟೆ ಉರಿಯುತ್ತದೆ. ಮೊದಲ ಭಾನುವಾರ, ಹುಕ್ಕೇರಿಯ ಪಂದ್ಯಾವಳಿಯ ಫೈನಲ್ ದಿನ, ಈ ಎರಡು ಚಟಗಳೂ ಒಂದಕ್ಕೊಂದು ಡಿಕ್ಕಿ ಹೊಡೆದವು. ಗೆರೆಯ ಪಕ್ಕ ಬಾವುಟ ಹಿಡಿದು ಓಡಬೇಕಾಗಿದ್ದ ಲೈನ್‌ಮನ್ ಬರುವ ದಾರಿಯಲ್ಲಿ ಸಂಕೇಶ್ವರದಲ್ಲಿ ಮಿಸಳ್ ತಿಂದು, ಅಲ್ಲಿಯೇ ಹೊಟ್ಟೆ ಹಿಡಿದು ಮಲಗಿಬಿಟ್ಟ. ಇತ್ತ ಗೋಕಾಕ, ಮೂಡಲಗಿ ತಂಡಗಳು ಬಂದು ನಿಂತಿವೆ, ಜನ ಸೀಟಿ ಹೊಡೆಯುತ್ತಿದ್ದಾರೆ. ಪಂದ್ಯಾವಳಿ ನಡೆಸುತ್ತಿದ್ದ ಉದ್ದಪ್ಪ ಮೈಕು ಕೈಗೆ ತೆಗೆದುಕೊಂಡು, ಇನ್ನೊಬ್ಬ ಯಾರಾದರೂ ಬಲ್ಲವರು ಸಿಕ್ಕಾರೆಂಬ ಆಸೆಯಿಂದ ಘೋಷಿಸಿದರು.

"ಲೈನ್‌ಮನ್ ಅವರು ಎಲ್ಲಿದ್ದರೂ ತಕ್ಷಣ ಮೈದಾನಕ್ಕೆ ಬರಬೇಕಾಗಿ ಕಳಕಳಿಯ ವಿನಂತಿ!"

ಮೈದಾನದ ಹಿಂದಿನ ಗಲ್ಲಿಯಲ್ಲಿ ಬಾಳೇಶ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹಾಕುತ್ತಿದ್ದ. ಅವನು ಕಿವಿ ನಿಮಿರಿಸಿದ. ಲೈನ್‌ಮನ್ *ಅವರು*. *ವಿನಂತಿ*, ಅದೂ *ಕಳಕಳಿಯ*. ಅವನ ಕಣ್ಣಲ್ಲಿ ನೀರೇ ಬಂತು. ಕೈಗವಸು, ತಂತಿ ಹಿಡಿಯುವ ಪಕ್ಕಡ, ಹಗ್ಗ ಸಮೇತ ಓಡಿಬಂದು "ಬಂದೇನ್ರಿ, ಎಲ್ಲಿ ಫಾಲ್ಟ್ ಐತ್ರಿ?" ಎಂದ.

"ಫಾಲ್ಟ್ ಇನ್ನ ಮ್ಯಾಲ ಆಗತಾವ್ರಿ, ನೀವ ಹಿಡೀಬೇಕು," ಎನ್ನುತ್ತ ಉದ್ದಪ್ಪ ಅವನ ತಲೆಯ ಮೇಲಿಂದ ಹಳದಿ ಅಂಗಿಯೊಂದನ್ನು ಇಳಿಸಿ, ಕೈಯಲ್ಲಿ ಕೆಂಪು ಬಾವುಟ ತುರುಕಿದರು. "ಚೆಂಡ ಗೆರಿ ದಾಟಿದ್ರ ಬಾವುಟಾ ಎತ್ತರಿ. ಆಫ್‌ಸೈಡ್ ಅಂದ್ರ ಗೊತ್ತೈತಲ್ಲರಿ ಸಾಹೇಬ್ರ?"

ಸಾಹೇಬ್ರ! ಇಲ್ಲಿ ಯಾವ ಮನುಷ್ಯನಾದರೂ ನಿಜ ಹೇಳುತ್ತಿದ್ದ. ಬಾಳೇಶ ಮಾತ್ರ ಗತ್ತಿನಿಂದ ಪಕ್ಕಡ ಕಿಸೆಗೆ ಇಳಿಸಿದ. "ದಿನಾ ಆಫು, ಆನು ಮಾಡಾಂವಗ ಕೇಳತೀರೇನ್ರಿ?"

ಆಟ ಶುರುವಾಯಿತು. ಬಾಳೇಶ ಗೆರೆಯ ಗುಂಟ ಓಡಿದ. ಚೆಂಡು ಹೊರಗೆ ಹೋದಾಗ ಬಾವುಟ ಎತ್ತಿದ, ಒಮ್ಮೊಮ್ಮೆ ನಾಯಿ ಒಳಗೆ ಬಂದಾಗಲೂ ಎತ್ತಿದ. ಎಲ್ಲರೂ ಮೆಚ್ಚಿದರು. ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ಆಗ ಮೂಡಲಗಿಯ ಅಭಿಷೇಕ ಎಂಬ ಹುಡುಗ ಚೆಂಡು ತೆಗೆದುಕೊಂಡು ಗೋಕಾಕದ ಗೋಲಿನ ಕಡೆ ನುಗ್ಗಿದ. ಜನ ಎದ್ದು ನಿಂತರು. ಬಾಳೇಶನೂ ಅತ್ತ ನೋಡಿದ. ಗೋಲಿನ ಹಿಂದೆ ವಿದ್ಯುತ್ ಕಂಬ. ಕಂಬದ ಮೇಲೆ ಒಬ್ಬ ಹಿರಿಯರು! ತಲೆಗೆ ಹಳದಿ ಪಟಗಾ, ಗಾಳಿಗೆ ಹಾರಾಡುವ ಧೋತರ, ದಪ್ಪ ಹುಬ್ಬು, ಕಣ್ಣೆಲ್ಲ ಆಟದ ಮೇಲೆ, ಕೈ ಮಾತ್ರ ಮೇಲಿನ ತಂತಿಯ ಕಡೆ.

ಬಾಳೇಶನ ಕಸುಬು ಅವನನ್ನು ಬಿಡಲಿಲ್ಲ. ಎರಡೂ ಕೈಯಿಂದ ಬಾವುಟ ಎತ್ತಿ ಹಾರಿ ಹಾರಿ ಕೂಗಿದ: "ಕೈ! ಕೈ! ಕೈ ಹಚ್ಚಬ್ಯಾಡ!"

ಚೆಂಡು ಬಲೆಯೊಳಗೆ ಹೋಯಿತು. ಹಿರಿಯರು ಬೆದರಿ ಕಂಬದಿಂದ ಸರ್ರನೆ ಜಾರಿ, ಧೋತರ ಪರ್ರನೆ ಹರಿದುಕೊಂಡು, ಗೋಡೆಯಾಚೆ ಮಾಯವಾದರು. ರೆಫರಿ ತಿರುಗಿ ನೋಡಿದರೆ ಲೈನ್‌ಮನ್ ಬಾವುಟ ಎತ್ತಿ ಕುಣಿಯುತ್ತಿದ್ದಾನೆ. ಇಷ್ಟು ಖಾತ್ರಿಯಿಂದ ಎತ್ತಿದ ಬಾವುಟವನ್ನು ಅವರು ತಮ್ಮ ಜನ್ಮದಲ್ಲಿ ನೋಡಿರಲಿಲ್ಲ. ಸೀಟಿ ಊದಿ ಗೋಲನ್ನು ರದ್ದು ಮಾಡಿ ಗೋಕಾಕದವರಿಗೆ ಫ್ರೀ ಕಿಕ್ ಕೊಟ್ಟರು.

ಮೂಡಲಗಿಯ ಆಟಗಾರರಿಗೆ ಮೈಯೆಲ್ಲ ಉರಿಯಿತು. ಗೋಲು ಕಾಯಬೇಕಾದ ಬ್ಯಾಕ್‌ಗಳೆಲ್ಲ ಬಾಳೇಶನನ್ನು ಬೈಯಲು ಈ ತುದಿಗೆ ಓಡಿಬಂದರು. ತಾನೊಬ್ಬನೇ ಹಿಂದೆ ಉಳಿದರೆ ಹೇಗೆಂದು ಗೋಲ್‌ಕೀಪರೂ ಬಂದ. ಅವರ ಬೈಗುಳ ಅರ್ಧಕ್ಕೆ ಬಂದಿರುವಾಗ ಗೋಕಾಕದವರು ಚೆಂಡು ಒದ್ದರು. ಒಬ್ಬ ಹುಡುಗ ಅದನ್ನು ಕರುವನ್ನು ಮನೆಗೆ ಹೊಡೆದುಕೊಂಡು ಹೋದ ಹಾಗೆ ಖಾಲಿ ಮೈದಾನದ ಗುಂಟ ಹೊಡೆದುಕೊಂಡು ಹೋಗಿ ಖಾಲಿ ಗೋಲಿನೊಳಗೆ ಕಟ್ಟಿಹಾಕಿದ. ಕಪ್ಪು ಗೋಕಾಕದ ಪಾಲಾಯಿತು.

ನಿಜ ಹೇಳಲು ಬಾಳೇಶನಿಗೆ ಆಗಲೂ ಅವಕಾಶವಿತ್ತು. ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಉದ್ದಪ್ಪ ಬಂದು ಅವನ ಕೈ ಹಿಡಿದು ಅಲ್ಲಾಡಿಸಿದರು. "ಎಂಥಾ ನಿರ್ಣಯ ಕೊಟ್ರಿ ಸಾಹೇಬ್ರ! ಕೂದಲೆಳಿ ಆಫ್‌ಸೈಡು! ನಮಗ್ಯಾರಿಗೂ ಕಾಣಲಿಲ್ಲ, ನಿಮಗ ಹ್ಯಾಂಗ ಕಂಡ್ತ್ರಿ?" ಹಿಂದೆಯೇ ಗೋಕಾಕದವರು ಕರದಂಟಿನ ಡಬ್ಬಿ ತಂದು ಅವನ ಕೈಗೆ ಕೊಟ್ಟರು. ತೆರೆದ ಬಾಯಿಂದ ನಿಜದ ಬದಲು ಬೇರೆಯೇ ಮಾತು ಹೊರಬಿತ್ತು.

"ಕಣ್ಣ ಬೇಕ್ರಿ, ಕಣ್ಣ," ಎಂದ ಬಾಳೇಶ.

ಈ ಒಂದು ಮಾತು ಸಂಜೆಯೊಳಗೆ ಅವನ ಮೀಸೆ ಸಮೇತ ಎಲ್ಲರ ಮೊಬೈಲುಗಳಲ್ಲಿ ಓಡಾಡತೊಡಗಿತು.

ಮರುದಿನದಿಂದ ಹುಕ್ಕೇರಿಯಲ್ಲಿ ಯಾರೂ ಚಹಾವನ್ನು ಸುಮ್ಮನೆ ಕುಡಿಯಲಿಲ್ಲ. ಸಕ್ಕರೆ ಡಬ್ಬಿ ಗೋಲ್‌ಕೀಪರಾಯಿತು, ಖಾರಿ ತುಂಡುಗಳು ಬ್ಯಾಕ್‌ಗಳಾದವು, ವಾದ ಮುಗಿಯುವಷ್ಟರಲ್ಲಿ ಗೋಕಾಕದ ಇಡೀ ರಕ್ಷಣಾಪಡೆಯನ್ನು ಯಾರೋ ಚಹಾದಲ್ಲಿ ಅದ್ದಿ ತಿಂದಿರುತ್ತಿದ್ದರು. ಲೈನ್‌ಮನ್ ಕೂಗಿದ್ದು "ಕೈ ಕೈ" ಎಂದಾದ್ದರಿಂದ ಅದು ಆಫ್‌ಸೈಡೇ ಅಲ್ಲ, ಚೆಂಡು ಕೈಗೆ ತಾಗಿತ್ತು ಎಂದು ಒಂದು ಪಂಗಡ ಹುಟ್ಟಿತು. ಚುನಾವಣೆ ಹತ್ತಿರದಲ್ಲೇ ಇದ್ದುದರಿಂದ ಮೈದಾನದಲ್ಲಿ ಬಹಿರಂಗವಾಗಿ "ಕೈ ಕೈ" ಎಂದು ಪ್ರಚಾರ ಮಾಡಿದ್ದು ಸರಿಯೇ ಎಂದು ಇನ್ನೊಂದು ಪಂಗಡ ಎದ್ದಿತು. ಬಾಳೇಶ ಇವರೆಲ್ಲರ ಕಂಬಗಳ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ. ಕೆಳಗಿಳಿಯಲು ಧೈರ್ಯ ಬರುತ್ತಿರಲಿಲ್ಲ.

ಬುಧವಾರ ಅವನ ಸಾಹೇಬರು ಕರೆಸಿದರು. ಅವರಿಗೆ ಫುಟ್‌ಬಾಲೆಂದರೆ ಅಲರ್ಜಿ. ಟಪಾಲಿನಲ್ಲಿ ಯಾರೋ ಕಳಿಸಿದ ದೂರೊಂದು ಮುಂದಿತ್ತು: ನಿಮ್ಮ ಲೈನ್‌ಮನ್ ಆಫ್‌ಸೈಡ್ ಮಾಡಿ ನಮಗೆ ಅನ್ಯಾಯ ಮಾಡಿದ್ದಾನೆ.

"ಏನೋ ಬಾಳೇಶ, ಐತವಾರ ಆಫ್ ಮಾಡಿದಿಯಂತ?"

"ಹೌದ್ರಿ ಸಾಹೇಬ್ರ."

"ಯಾವ ಸೈಡ್?"

"ಮೂಡಲಗಿ ಸೈಡ್ರಿ."

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ಹುಕ್ಕೇರ್‍ಯಾಗ ನಿಂತು ಮೂಡಲಗಿ ಸೈಡ್ ಆಫ್ ಮಾಡಿದಿ? ಯಾರ ಪರ್ಮಿಷನ್ ತಗೊಂಡ?"

"ಪರ್ಮಿಷನ್ ಕೇಳಾಕ ಎಲ್ಲೀ ಟೈಮ್ರಿ. ನಾ ಬಾವುಟಾ ಎತ್ತಿದ್ನಿ, ಅವರು ಸೀಟಿ ಊದಿದ್ರು, ಆಫ್ ಆತು."

"ಸೀಟಿ ಊದಿದ್ರ ಆಫ್ ಆಗತೈತಿ? ಮತ್ತ ಆನ್ ಯಾವಾಗ ಮಾಡಿದಿ?"

"ಇನ್ನೂ ಆಗಿಲ್ರಿ. ಮೂಡಲಗಿಯವರು ನಾಕ ದಿನದಿಂದ ಬಡಕೋಳಾಕತ್ತಾರ."

ನಾಲ್ಕು ದಿನದಿಂದ ಇಡೀ ಮೂಡಲಗಿ ಕತ್ತಲಲ್ಲಿ ಕೂತಿದೆಯೆಂದು ತಿಳಿದು ಸಾಹೇಬರು ಬೆವರಿದರು. ಅಲ್ಲಿಯ ಅಧಿಕಾರಿಗೆ ಫೋನು ಹಚ್ಚಿ, "ಏನ್ರಿ, ನಿಮ್ಮಲ್ಲಿ ಕರೆಂಟ ಐತೇನ್ರಿ?" ಎಂದು ಕೇಳಿದರು.

"ಕರೆಂಟ ಐತ್ರಿ," ಎಂದಿತು ಅತ್ತಲಿನ ಕಹಿಯಾದ ಧ್ವನಿ. "ಕಪ್ ಇಲ್ಲ. ಇಲ್ಲೀ ಮಂದಿ ನಮ್ಮ ಲೈನ್‌ಮನ್‌ಗಳಿಗೆ ಕಂಬದ ಹಂತೇಕ ಬರಾಕ ಬಿಡವಲ್ಲರು, ಇಂವನೂ ಅದ ಜಾತ್ಯಾಂವ ಅಂತಾರ. ನಿಮ್ಮ ಆ ಮೀಸ್ಯಾಂವಗ ಹೇಳ್ರಿ, ಈ ಕಡೆ ಕಾಲಿಟ್ರ ಜವಾಬ್ದಾರಿ ನಮ್ಮದಲ್ಲ."

ಭಾನುವಾರ ಬಾಳೇಶ ಕಾಲಿಡಬೇಕಾದದ್ದು ಮೂಡಲಗಿಯಲ್ಲೇ.

ಮನೆಗೆ ಹೋಗಿ ತಾಯಿಯ ಮುಂದೆ ಎಲ್ಲ ತೋಡಿಕೊಂಡ. ಭರಮವ್ವ ಒಂದು ಕ್ಷಣ ಯೋಚಿಸಿ ತೀರ್ಪು ಕೊಟ್ಟಳು. "ಅವರಿಗೆ ಗೊತ್ತಿರೂದು ನಿನ್ನ ಮೀಸಿ. ನಿನ್ನ ಯಾರ ನೋಡ್ಯಾರ? ಮೀಸಿ ತಗಸು."

ಶನಿವಾರ ಹುಕ್ಕೇರಿಯ ಯಲ್ಲಾಲಿಂಗನ ಕ್ಷೌರದಂಗಡಿಯಲ್ಲಿ ಬಾಳೇಶ ಕಣ್ಣು ಮುಚ್ಚಿ ಕೂತ. ಯಲ್ಲಾಲಿಂಗನ ಮಾವನ ಮನೆ ಮೂಡಲಗಿ. ಅವನು ಕತ್ತಿ ಮಸೆಯುತ್ತ, "ಬ್ಯಾಕ್‌ಗೋಳ ತಪ್ಪ ಐತ್ರಿ, ನಾ ಇಲ್ಲ ಅನ್ನೂದಿಲ್ಲ. ಮನಿ ಬಿಟ್ಟು ಜಗಳಕ್ಕ ಹೋಗಬಾರದಿತ್ತು," ಎಂದ. ಕತ್ತಿ ಬಾಳೇಶನ ಗಂಟಲ ಮೇಲೆ ಬಂತು. "ಆದ್ರ ಆ ಲೈನ್‌ಮನ್ ಒಮ್ಮೆ ನನ್ನ ಕೈಯಾಗ ಸಿಗಬೇಕ್ರಿ..." ಅವನು ಬಾಳೇಶನ ಮುಖ ದಿಟ್ಟಿಸಿದ. "ನಿಮ್ಮನ್ನ ಎಲ್ಲೋ ನೋಡೇನ್ರಿ ನಾ."

"ಮೀಸಿ," ಎಂದ ಬಾಳೇಶ ತುಟಿ ಅಲ್ಲಾಡಿಸದೆ. "ಪೂರ್ತಿ. ಲಗೂ."

ಭಾನುವಾರ ತಾಯಿ ಮಗ ಮೂಡಲಗಿಗೆ ಹೋದರು. ಮೀಸೆಯಿಲ್ಲದ ತುಟಿಗೆ ಗಾಳಿ ತಾಗಿ ಬಾಳೇಶನಿಗೆ ಅಂಗಿ ಹಾಕಿಕೊಳ್ಳದೆ ಬಂದ ಹಾಗೆ ಅನ್ನಿಸುತ್ತಿತ್ತು. ಕೆಂಚಪ್ಪನವರ ಪಡಸಾಲೆ ತುಂಬಿತ್ತು. ಹೆಣ್ಣು ತೋರಿಸುವ ಶಾಸ್ತ್ರಕ್ಕೆ ಬಂದ ನೆಂಟರು, ಬಾಜೂಮನೆಯವರು ಎಲ್ಲ ಒಂದು ಮೊಬೈಲಿನ ಸುತ್ತ ಬಗ್ಗಿ ಕೂತು, "ಇಲ್ಲಿ ನೋಡ್ರಿ, ಇಲ್ಲಿ! ಬ್ಯಾಕ್ ಹಿಂದ ಅದಾನ!" ಎಂದು ಬಡಿದಾಡುತ್ತಿದ್ದರು. ಮೊಬೈಲು ಹಿಡಿದಿದ್ದ ಹುಡುಗ ತಲೆ ಎತ್ತಿದ. ಗೋಲು ಹೊಡೆದ ಅಭಿಷೇಕ! ಅವನು ಶೈಲಾಳ ಸ್ವಂತ ತಮ್ಮನೆಂಬುದು ಬಾಳೇಶನಿಗೆ ಗೊತ್ತಾದದ್ದು ಆಗಲೇ.

ಕೆಂಚಪ್ಪನವರ ಹೆಂಡತಿ ಕಾಶೆವ್ವ ಉಪ್ಪಿಟ್ಟು ತಂದಿಟ್ಟಳು. "ಇವರೂ ಬಂದ್ರು ನೋಡ್ರಿ. ಹೋದ ಐತವಾರ ಗಾಡಿ ಮ್ಯಾಲಿಂದ ಬಿದ್ದು ಕಾಲ ನೋಯಿಸಿಕೊಂಡಾರ," ಎಂದಳು.

ಕುಂಟುತ್ತ ಬಂದು ಎದುರಿಗೆ ಕೂತ ಕೆಂಚಪ್ಪನವರನ್ನು ಬಾಳೇಶ ನೋಡಿದ. ದಪ್ಪ ಹುಬ್ಬು. ಹಳದಿ ಪಟಗಾ. ಅಂಗೈ ಎರಡೂ ತರಚಿಹೋಗಿವೆ. ಕಂಬದ ಮೇಲಿದ್ದವರು ಇವರೇ! ತಾನು ಯಾರ ಜೀವ ಉಳಿಸಲು ಮೂಡಲಗಿಯ ಗೋಲು ಕಳೆದಿದ್ದನೋ ಅವರೇ ಇವರು.

"ಅನ್ಯಾಯ ಆಗೇತ್ರಿ ನಮಗ," ಎಂದು ಕೆಂಚಪ್ಪ ಭರಮವ್ವನ ಮುಂದೆ ಶುರುಮಾಡಿದರು. "ನಾ ಅಲ್ಲೇ ಗಣ್ಯರ ಖುರ್ಚ್ಯಾಗ ಕುಂತ ಕಣ್ಣಾರೆ ನೋಡೇನಿ. ಆ ಲೈನ್‌ಮನ್ ಬಾವುಟಾ ಎತ್ತಿದ ನೋಡ್ರಿ, ನನ್ನ ಮಗನ ಗೋಲ್ ತಿಂದ ಕುಂತ. ಅಂವ ಸಿಕ್ರ ನಾ ಕಂಬಕ್ಕ ಕಟ್ಟತೇನಿ." ಆಮೇಲೆ ಬಾಳೇಶನ ಕಡೆ ತಿರುಗಿದರು. "ತಾವೂ ಲೈನ್‌ಮನ್ ಅಂತ. ಅಂವ ನಿಮ್ಮಲ್ಲೀಯಾಂವ ಏನ್ರಿ? ಅಲ್ರಿ, ಫೋಟೋದಾಗ ಮೀಸಿ ಇತ್ತಲ್ಲಾ ನಿಮಗ?"

ಭರಮವ್ವ ಎಲ್ಲ ಯೋಚಿಸಿದ್ದಳು, ಆದರೆ ಮದುವೆಗೆಂದು ತಾನೇ ಕಳಿಸಿಕೊಟ್ಟ ಫೋಟೋದಲ್ಲಿ ಮೀಸೆಯಿದೆ ಎಂಬುದನ್ನು ಯೋಚಿಸಿರಲಿಲ್ಲ. ಅಭಿಷೇಕ ಗೋಡೆಯ ಗೂಡಿನಲ್ಲಿದ್ದ ಫೋಟೋ ತೆಗೆದು ಮೊಬೈಲಿನ ಪಕ್ಕ ಹಿಡಿದ. ಅತ್ತ ನೋಡಿದ, ಇತ್ತ ನೋಡಿದ, ಬಾಳೇಶನ ಬೋಳು ತುಟಿ ನೋಡಿದ. ಅವನ ಕೂಗು ಓಣಿಗೆಲ್ಲ ಕೇಳಿಸಿತು.

"ಅಪ್ಪಾ! ಇಂವನ ಆ ಲೈನ್‌ಮನ್!"

ಕನ್ಯಾ ನೋಡುವ ಶಾಸ್ತ್ರ ಅಲ್ಲಿಗೆ ನಿಂತು ವಿಚಾರಣೆ ಶುರುವಾಯಿತು. ಬಾಗಿಲು ಹಾಕಿದರು. ಒಬ್ಬ ನೆಂಟರು ಬಾಳೇಶನ ಮುಂದಿದ್ದ ಉಪ್ಪಿಟ್ಟಿನ ತಾಟು ತೆಗೆದು ತಮ್ಮ ಮುಂದೆ ಇಟ್ಟುಕೊಂಡರು. ಭರಮವ್ವ ಮಾತ್ರ ತನ್ನ ತಾಟು ಬಿಡಲಿಲ್ಲ. ಬಾಗಿಲ ಮರೆಯಲ್ಲಿ ಬಳೆಯ ಸದ್ದಾಯಿತು, ಶೈಲಾ ಬಂದು ನಿಂತಿದ್ದಳು.

ಕೆಂಚಪ್ಪನವರ ಮಾತಿನಿಂದ 'ರಿ' ಉದುರಿಹೋಯಿತು. "ಏ ತಮ್ಮಾ, ಇಷ್ಟ ಮಂದಿ ಮುಂದ ಹೇಳು. ಬಾವುಟಾ ಎದಕ ಎತ್ತಿದಿ?"

ಒಂದೇ ಮಾತು ಸಾಕಿತ್ತು. 'ನೀವು ಕಂಬದ ಮೇಲಿದ್ದಿರಿ, ಅದಕ್ಕೆ' ಎಂದರೆ ಬಾಳೇಶ ಬಚಾವು. ಆದರೆ ಹಿರಿಯ ಮನುಷ್ಯ ತಮ್ಮದೇ ಪಡಸಾಲೆಯಲ್ಲಿ, ತಮ್ಮದೇ ಮಂದಿಯ ಮುಂದೆ ಮಣ್ಣು ಮುಕ್ಕಬೇಕಾಗುತ್ತಿತ್ತು. ಗಣ್ಯರ ಕುರ್ಚಿ ಹೋಗುತ್ತಿತ್ತು, ಊರ ಕಪ್ಪು ಕಳೆದವರೆಂಬ ಹೆಸರು ಸಾಯುವತನಕ ಉಳಿಯುತ್ತಿತ್ತು. ಬಾಳೇಶ ಆ ತರಚಿದ ಅಂಗೈಗಳನ್ನು ನೋಡಿದ. ಅವನಿಗೆ ಅಯ್ಯೋ ಅನ್ನಿಸಿತು.

"ಆಫ್‌ಸೈಡ್ ಇತ್ರಿ," ಎಂದ ಮೆಲ್ಲಗೆ.

"ಆಫ್‌ಸೈಡ್ ಅಂದ್ರೇನು? ಬಿಡಿಸಿ ಹೇಳು."

ಗೊತ್ತಿಲ್ಲದ್ದನ್ನು ಹೇಗೆ ಹೇಳುವುದು? ಬಾಳೇಶ ಗೊತ್ತಿದ್ದದ್ದನ್ನೇ ಹೇಳತೊಡಗಿದ.

"ಮನಶ್ಯಾ ಇರಬಾರದ ಜಾಗಾದಾಗ ಇದ್ರ ಅದು ಆಫ್‌ಸೈಡ್ ರಿ. ಅಲ್ಲಿ ಒಬ್ರು ಇದ್ರು. ಎಲ್ಲಾರಕಿಂತಾ ಮುಂದ ಇದ್ರು, ಎಲ್ಲಾರಕಿಂತಾ ಮ್ಯಾಲ ಇದ್ರು."

"ಮ್ಯಾಲ?" ಅಭಿಷೇಕ ಕೆರಳಿದ. "ನಾ ನೆಲದ ಮ್ಯಾಲ ಓಡಾಕತ್ತಿದ್ನಿ!"

"ಕಣ್ಣ ಎಲ್ಲಾ ಆಟದ ಮ್ಯಾಲ," ಎಂದು ಬಾಳೇಶ ಕೆಂಚಪ್ಪನವರನ್ನೇ ನೋಡುತ್ತ ಮುಂದುವರಿಸಿದ. "ತಮ್ಮ ತಲಿ ಮ್ಯಾಲ ಏನೈತಿ ಅನ್ನೂ ಖಬರಿಲ್ಲ. ಕೈ ಇನ್ನೊಂದ ಗೇಣ ಮುಂದ ಹೋಗಿದ್ರ ಅಲ್ಲಿಗೆ ಆಟಾ ಮುಗೀತ್ರಿ. ಹೆಂಡ್ತಿ ಮಕ್ಕಳು ಅತಗೋತ ಕುಂಡ್ರಬೇಕಾಗಿತ್ತು."

"ಗೋಲ್ ಆದ್ರ ಹೆಂಡ್ತಿ ಮಕ್ಕಳು ಯಾಕ ಅಳತಾರ?" ಎಂದರು ಉಪ್ಪಿಟ್ಟಿನ ನೆಂಟರು. "ಅಭ್ಯಾಗ ಇನ್ನೂ ಲಗ್ನ ಎಲ್ಲಿ ಆಗೇತಿ?"

"ಅದಕ್ಕ ಬಾವುಟಾ ಎತ್ತಿ ಕೈ ಹಚ್ಚಬ್ಯಾಡ ಅಂತ ಒದರಿದ್ನಿ. ಪುಣ್ಯಾಕ ಸರ್‍ರ ಅಂತ ಇಳದ ಹ್ವಾದ್ರು. ಧೋತರಾ ಅಷ್ಟ ಹರೀತು."

"ಫುಟ್‌ಬಾಲಿನ್ಯಾಗ ಧೋತರಾ ಯಾರ ಉಟ್ಟಿದ್ರೋ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಕೆಂಚಪ್ಪನವರು ಬಾಯಿಗಿಟ್ಟ ಚಹಾ ಮೂಗಿಗೆ ಹತ್ತಿ ಕೆಮ್ಮತೊಡಗಿದರು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದವು. ಅಂದು ಕೆಳಗಿನಿಂದ ಯಾರೋ "ಕೈ ಹಚ್ಚಬ್ಯಾಡ" ಎಂದು ಚೀರಿದ್ದು, ತಲೆ ಎತ್ತಿದರೆ ಮುಖದ ಮುಂದೆಯೇ ತಂತಿ ಇದ್ದದ್ದು, ಕಣ್ಣಿಗೆ ಕತ್ತಲೆ ಬಂದು ಜಾರಿದ್ದು ಎಲ್ಲ ನೆನಪಾಯಿತು. ಅವರು ಬಾಳೇಶನನ್ನು ನೋಡಿದರು. ಬಾಳೇಶ ತಲೆ ತಗ್ಗಿಸಿದ. ಪಡಸಾಲೆಯಲ್ಲಿ ಭರಮವ್ವ ಉಪ್ಪಿಟ್ಟು ಅಗಿಯುವುದಷ್ಟೇ ಕೇಳಿಸುತ್ತಿತ್ತು.

"ಆಫ್‌ಸೈಡ್ ಇತ್ತು!" ಎಂದು ಕೆಂಚಪ್ಪ ಒಮ್ಮೆಲೇ ಗುಡುಗಿದರು.

"ಅಪ್ಪಾ!" ಅಭಿಷೇಕ ಹೌಹಾರಿದ. "ನಿನ್ನಿತನಾ ಗೋಲ್ ಅಂತಿದ್ರಿ!"

"ನಿನ್ನಿ ನನಗ ತಿಳದಿರಲಿಲ್ಲ. ಈಗ ಇವರು ಬಿಡಿಸಿ ಹೇಳಿದ್ರು, ತಿಳೀತು. ಬರೋಬರಿ ಆಫ್‌ಸೈಡ್! ಇಂಥಾ ಚಲೋ ಆಫ್‌ಸೈಡ್ ನಾ ನೋಡಿಲ್ಲ. ನೀ ಮುಂದ ಓಡಿದ್ದಿ ಮಗನ, ತಪ್ಪ ನಿಂದ! ಕಾಶಿ, ಇವರಿಗೆ ಇನ್ನೊಂದ ತಾಟ ಉಪ್ಪಿಟ್ಟ ತಾ. ಶೈಲಾ ಎಲ್ಲೆದಾಳ? ಇಬ್ಬರೂ ಹಿತ್ತಲದಾಗ ಕುಂತ ಮಾತಾಡ್ಲಿ."

ಹಿತ್ತಲಲ್ಲಿ ಹಿಂಡಿಯ ಚೀಲಗಳಿದ್ದವು. ಒಂದರ ಮೇಲೆ ಬಾಳೇಶ ಕೂತ. ಶೈಲಾ ಎದುರಿಗೆ ನಿಂತಳು. ಫೋಟೋದಲ್ಲಿ ಇದ್ದುದಕ್ಕಿಂತ ಚೆಂದವಾಗಿದ್ದಳು, ಫೋಟೋದಲ್ಲಿ ಕಾಣದಷ್ಟು ಚುರುಕಾಗಿಯೂ ಇದ್ದಳು.

"ಆಫ್‌ಸೈಡ್ ಅಂದ್ರೇನು ಗೊತ್ತೈತೇನ್ರಿ ನಿಮಗ? ಖರೆ ಹೇಳ್ರಿ."

'ರಿ' ಹಚ್ಚಿಯೇ ಕೇಳಿದ್ದಳು. ಆದರೂ ಬಾಳೇಶ ಈ ಸಲ ಗತ್ತು ಮಾಡಲಿಲ್ಲ. "ಇಲ್ರಿ. ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಇಲ್ಲ."

"ಗೊತ್ತಿಲ್ಲ ಅನ್ನೂದು ನಮಗ ಗೊತ್ತಾಗೇತಿ," ಎಂದು ಶೈಲಾ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಅಪ್ಪಾರ ಧೋತರಾ ಹೊಲದಾಕಿ ನಾನ ರೀ. ಗಾಡಿ ಮ್ಯಾಲಿಂದ ಬಿದ್ದ್ರ ಧೋತರಾ ಹಂಗ ಉದ್ದಕ ಹರಿಯೂದಿಲ್ಲ. ವಿಡಿಯೋ ದೊಡ್ಡದ ಮಾಡಿ ನೋಡಿದ್ನಿ, ಗೋಲಿನ ಹಿಂದ ಕಂಬದ ಮ್ಯಾಲ ಪಟಗಾ ಕಂಡ್ತು. ಅವ್ವಗ ತೋರಿಸಿದ್ನಿ. ಅಭ್ಯಾಗ ಬರೇ ತನ್ನ ಕಾಲ ಕಾಣತಾವ, ಅಂವ ಹಿಂದ ನೋಡಿಲ್ಲ."

ಬಾಳೇಶ ಬಾಯಿ ತೆರೆದುಕೊಂಡು ಕೂತ. "ಮತ್ತ ಒಳಗ ಯಾಕ ಸುಮ್ಮ ಇದ್ರಿ? ನನ್ನ ಚಮಡಾ ಸುಲಿಯಾಕತ್ತಿದ್ರಲ್ಲ!"

"ನೀವು ಅಪ್ಪಾರ ಹೆಸರ ತಗೀತೀರೇನೋ ಅಂತ ಬಾಗಲ ಹಿಂದ ನಿಂತಿದ್ನಿ. ತಗದಿದ್ರ ತಪ್ಪೇನಿರಲಿಲ್ಲ, ಖರೇನ ಹೇಳಿದಂಗ ಆಗತಿತ್ತು. ಆದ್ರ ನಾ ಒಲ್ಲೆ ಅಂತಿದ್ನಿ." ಅವಳು ಸೆರಗಿನ ಅಂಚು ತಿರುವಿದಳು. "ಅಪ್ಪಾರ ಜೀವಾನೂ ಉಳಿಸಿದ್ರಿ, ಮಾನಾನೂ ಉಳಿಸಿದ್ರಿ."

ಊರಿಗೆಲ್ಲ ದೀಪ ಹಚ್ಚುವ ಬಾಳೇಶನಿಗೆ ಯಾರೂ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ.

"ಆದ್ರ ಒಂದ ಮಾತ್ರೀ," ಎಂದಳು ಶೈಲಾ. "ಅಭ್ಯಾನ ಮುಂದ ಗೋಕಾಕದ ಇಬ್ರು ಬ್ಯಾಕ್ ಇದ್ರು. ಅದು ಆಫ್‌ಸೈಡಿನ 'ಆ' ಅಕ್ಷರಾನೂ ಅಲ್ಲ, ಗೋಲು. ನನ್ನ ತಮ್ಮ ಒಂದ ವಾರ ಆತು ಸರಿಯಾಗಿ ಉಂಡಿಲ್ಲ. ಅವಗ ನೀವ ಹೇಳಬೇಕು. ಅಪ್ಪಾರ ಹೆಸರ ಬರದಂಗ."

ಬಾಳೇಶ ಎದ್ದ. ಅಂಗಿ ಜಾಡಿಸಿಕೊಂಡು ಪಡಸಾಲೆಗೆ ನಡೆದ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಅಭಿಷೇಕನ ಮುಂದೆ ನಿಂತು ಕೈಮುಗಿದ.

"ತಮ್ಮಾ, ನನಗ ಫುಟ್‌ಬಾಲ್ ಬರೂದಿಲ್ಲ. ದೊಡ್ಡಸ್ತಿಕಿಗೆ ಬಿದ್ದು ಬರತೈತಿ ಅಂದಿದ್ನಿ. ನಿಂದು ಗೋಲು. ಬಾವುಟಾ ಎತ್ತಿದ್ದು ನನ್ನ ತಪ್ಪು."

ಅಭಿಷೇಕ ಒಂದು ಗಳಿಗೆ ನಂಬಲಿಲ್ಲ. ನಂಬಿದ ಮೇಲೆ ಹಾರಿ ಬಂದು ಬಾಳೇಶನನ್ನು ಎತ್ತಿಬಿಟ್ಟ. "ಕೇಳಿದ್ರೇನ್ರಿ! ಲೈನ್‌ಮನ್ ಒಪ್ಪಿದ! ಗೋಲ್ ಅಂತ!" ಪಡಸಾಲೆಯೆಲ್ಲ ಕೇಕೆ ಹಾಕಿತು. ಕೇಕೆ ಹಾಕದವರು ಕೆಂಚಪ್ಪ ಒಬ್ಬರೇ.

"ಗೋಲ್ ಅಲ್ಲ!" ಎಂದರು ಅವರು, ಬೆಚ್ಚಿಬಿದ್ದು. ಗೋಲು ಎಂದಾದರೆ ಬಾವುಟ ಏಕೆ ಎತ್ತಿದ ಎಂಬ ಪ್ರಶ್ನೆ ಮತ್ತೆ ಏಳುತ್ತದೆ, ಅದು ಏಳುವುದು ಅವರಿಗೆ ಬೇಕಿರಲಿಲ್ಲ. "ಆಫ್‌ಸೈಡ್!"

"ಗೋಲ್ ರೀ ಮಾಮಾ," ಎಂದ ಬಾಳೇಶ.

"ಆಫ್‌ಸೈಡ್ ಅಂತ ನೀವ ಹೇಳೀರಿ!"

"ಆವಾಗ ಸುಳ್ಳ ಹೇಳಿದ್ನಿರಿ. ಗೋಲ್."

"ನನ್ನ ಅಳಿಯಾ ಆಗಾಂವ ನನಗ ಎದರ ಮಾತಾಡತಾನ!" ಕೆಂಚಪ್ಪ ಪಟಗಾ ತೆಗೆದು ನೆಲಕ್ಕೆ ಬಡಿದರು. "ಗೋಕಾಕದವರು ಗೆದ್ದದ್ದು ನ್ಯಾಯ ಐತಿ! ಈ ಊರಾಗ ನಾ ಒಬ್ಬಾಂವ ಉಳದ್ರೂ ಚಿಂತಿಲ್ಲ, ಆಫ್‌ಸೈಡ್ ಅಂದ್ರ ಆಫ್‌ಸೈಡ್!"

ಗೋಲು ತಿಂದ ಲೈನ್‌ಮನ್ನೇ ಗೋಲೆನ್ನುತ್ತಿದ್ದಾನೆ, ಗೋಲು ಹೊಡೆದವನ ಅಪ್ಪನೇ ಅಲ್ಲವೆನ್ನುತ್ತಿದ್ದಾರೆ. ಯಾರ ಕಡೆ ನಿಲ್ಲಬೇಕೆಂದೇ ತಿಳಿಯದೆ ಮಂದಿ ಎರಡೂ ಕಡೆ ಕೂಗಿದರು. ಉಪ್ಪಿಟ್ಟಿನ ನೆಂಟರು ತಾಟನ್ನು ಗೋಲು ಮಾಡಿ ಹುರಿದ ಮೆಣಸಿನಕಾಯಿಗಳನ್ನು ಬ್ಯಾಕ್‌ಗಳಾಗಿ ನಿಲ್ಲಿಸತೊಡಗಿದರು.

ಕಾಶೆವ್ವ ಒಳಗಿನಿಂದ ಸಕ್ಕರೆಯ ಬಟ್ಟಲು ಹಿಡಿದು ಬಂದಳು. ಸಂಬಂಧ ಕೂಡಿದರೆ ಬಾಯಿಗೆ ಸಕ್ಕರೆ ಹಾಕುವುದು ಪದ್ಧತಿ, ಚಿಟಿಕೆ ಹಾಕಿದರೆ ಸಾಕು. ಕಾಶೆವ್ವ ಮುಷ್ಟಿ ತುಂಬಿಕೊಂಡಳು. ಗಂಡನ ಬಾಯಿಗೆ ಒಂದು ಮುಷ್ಟಿ ತುಂಬಿದಳು, ಬಾಳೇಶನ ಬಾಯಿಗೆ ಇನ್ನೊಂದು ತುಂಬಿದಳು.

"ಇಬ್ರೂ ಬಾಯಿ ಮುಚ್ರಿ," ಎಂದಳು. "ಗೋಲ್ ಹೋದ್ರ ಹೋಗ್ಲಿ, ನನ್ನ ಕುಂಕುಮಾ ಉಳದೈತಿ. ಲಗ್ನ ಯಾವಾಗ ಇಟಗೋಳೂದು ಅಷ್ಟ ಹೇಳ್ರಿ."

ಕೆಂಚಪ್ಪನವರು ಹೆಂಡತಿಯ ಮುಖ ನೋಡಿ, ಅವಳಿಗೂ ಗೊತ್ತಿದೆಯೆಂದು ತಿಳಿದು ಮೆತ್ತಗಾದರು. ಆದರೂ ಸಕ್ಕರೆಯ ನಡುವಿನಿಂದ "ಆಫ್..." ಎಂದು ಶುರುಮಾಡಿದರು. ಕಾಶೆವ್ವ ಇನ್ನೊಂದು ಮುಷ್ಟಿ ತುಂಬಿದಳು.